ಜಿಐಎಸ್ ಕಲಿಯಲು ಸಾಲ ಮಾಡಬೇಕೆ?

ಅಹ್ಮದಾಬಾದಿನಲ್ಲಿ ಸ್ಯಾಟಲೈಟ್ ಅಂತ ಒಂದು ಬಡಾವಣೆ ಇದೆ. ಊರಿಂದ ಬಂದ ನೆಂಟರಿಗೆ "ನಮ್ಮ ಸ್ನೇಹಿತರ ಮನೆ ಸ್ಯಾಟಲೈಟಿನಲ್ಲಿದೆ" ಅಂದರೆ ಒಂದು ಕ್ಷಣ ಮುಖ ಮುಖ ನೋಡುತ್ತಾರೆ. ಇಸ್ರೋದ ಬಾಹ್ಯಾಕಾಶ ಅನ್ವಯಿಕೆಗಳ ಕೇಂದ್ರ, ಅಂದರೆ ಇಲ್ಲಿನವರ ಬಾಯಲ್ಲಿ 'ಸ್ಯಾಕ್', ಅಲ್ಲೇ ಜೋಧಪುರ ಟೇಕ್ರಾದಲ್ಲಿ ಇರುವುದರಿಂದ ಆ ಹೆಸರು ಬಂತಂತೆ. 1972ರಲ್ಲಿ ಶುರುವಾದ ಕೇಂದ್ರ ಅದು. ಭೂಮಿಯ ಚಿತ್ರ ತೆಗೆಯುವ ನಮ್ಮ ಉಪಗ್ರಹಗಳ ಕ್ಯಾಮೆರಾಗಳು ರೂಪುಗೊಳ್ಳುವುದು ಅಲ್ಲಿಯೇ. ಸ್ವಲ್ಪ ಆಚೆ ಗಾಂಧಿನಗರಕ್ಕೆ ಹೋದರೆ 'ಬಿಸಾಗ್' ಇದೆ. ಲೀಲಾವತಿ ಬರೆದ ಭಾಸ್ಕರಾಚಾರ್ಯನ ಹೆಸರಿಟ್ಟುಕೊಂಡ ಸಂಸ್ಥೆ. (ಆತ ನಮ್ಮ ವಿಜಯಪುರದವನೆಂದು ನಾವು, ಅಲ್ಲ ನಮ್ಮ ಖಾನದೇಶದವನೆಂದು ಮರಾಠಿಗರು. ಗುಜರಾತಿಗಳು ಜಗಳಕ್ಕೆ ಬರದೆ ಸುಮ್ಮನೆ ಬೋರ್ಡು ಹಾಕಿಬಿಟ್ಟರು!) 2021ರ ಅಕ್ಟೋಬರಿನಲ್ಲಿ ಪ್ರಧಾನಿಗಳು ಉದ್ಘಾಟಿಸಿದ ಪಿಎಂ ಗತಿಶಕ್ತಿಯ ನಕ್ಷಾ ವ್ಯವಸ್ಥೆಯನ್ನು ಕಟ್ಟಿದವರು ಇವರೇ. ರಸ್ತೆ, ರೈಲು, ಅರಣ್ಯ, ಪೈಪ್‌ಲೈನ್ ಹೀಗೆ ಸಾವಿರಕ್ಕೂ ಹೆಚ್ಚು ಪದರಗಳು ಅದರಲ್ಲಿವೆ.

ಇಷ್ಟೆಲ್ಲ ಕಣ್ಣೆದುರಿಗೇ ಇರುವಾಗ ಇಲ್ಲಿನ ತಂದೆತಾಯಿಗಳಿಗೆ ಒಂದು ಯೋಚನೆ ಬರುವುದು ಸಹಜ. ಮಗನನ್ನೋ ಮಗಳನ್ನೋ ಈ ಜಿಐಎಸ್‌ಗೆ ಸೇರಿಸಿದರೆ ಹೇಗೆ? ನಾನು ಬ್ಯಾಂಕಿನವನಾದ್ದರಿಂದ ನನ್ನ ಹತ್ತಿರ ಆ ಪ್ರಶ್ನೆ ಸ್ವಲ್ಪ ಬೇರೆ ರೂಪದಲ್ಲಿ ಬರುತ್ತದೆ. "ಸಾರ್, ಅದಕ್ಕೆ ಲೋನ್ ಸಿಗುತ್ತದಾ?"

ಅಹ್ಮದಾಬಾದ್, ವಡೋದರಾ, ಸೂರತ್, ಮೂರೂ ಊರುಗಳಲ್ಲಿ ಕೆಲಸ ಮಾಡಿದ್ದೇನೆ. ಮೂರೂ ಕಡೆ ನಮ್ಮವರು ಈ ಪ್ರಶ್ನೆ ಕೇಳಿದ್ದಾರೆ. ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಗಿದೆ, ಒಂದೇ ಸಲ ಬರೆದುಬಿಡೋಣ ಅನ್ನಿಸಿತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜಿಐಎಸ್ ಕಲಿಯುವುದು ಒಳ್ಳೆಯದು, ಆದರೆ ಅದೊಂದನ್ನೇ ಕಲಿಸುವ ಖಾಸಗಿ ಕೋರ್ಸಿಗೆ ಸಾಲ ಮಾಡುವುದು ಒಳ್ಳೆಯದಲ್ಲ. ಏಕೆಂದರೆ ಜಿಐಎಸ್ ಒಂದು ಕಸುಬಲ್ಲ, ಕಸುಬಿನವನ ಕೈಯಲ್ಲಿರುವ ಉಪಕರಣ. ಉಪಕರಣ ಇವತ್ತು ಬಿಟ್ಟಿ ಸಿಗುತ್ತದೆ. ಕಸುಬು ಬಿಟ್ಟಿ ಸಿಗುವುದಿಲ್ಲ.

ಮೊದಲು ಇದು ಏನು ಅಂತ ನಮ್ಮ ಭಾಷೆಯಲ್ಲಿ ನೋಡೋಣ. ಬಿ.ಕಾಂ. ಓದಿದವನು ನಾನು, ಆದ್ದರಿಂದ ಲೆಡ್ಜರಿನ ಭಾಷೆಯಲ್ಲೇ ಹೇಳುತ್ತೇನೆ. ಲೆಡ್ಜರಿನಲ್ಲಿ ಪ್ರತಿ ಖಾತೆಗೂ ಒಂದು ನಂಬರು, ಹೆಸರು, ಬಾಕಿ ಮೊತ್ತ ಇರುತ್ತದೆ. ಅದರ ಜೊತೆಗೆ ಆ ಖಾತೆದಾರ ಭೂಮಿಯ ಮೇಲೆ ಎಲ್ಲಿದ್ದಾನೆ ಎನ್ನುವ ಅಕ್ಷಾಂಶ ರೇಖಾಂಶವನ್ನೂ ಬರೆದಿಟ್ಟೆವು ಎಂದುಕೊಳ್ಳಿ. ಆಗ ಲೆಡ್ಜರನ್ನು ನಕ್ಷೆಯ ಮೇಲೆ ಹರಡಬಹುದು. ಬಾಕಿ ಉಳಿಸಿಕೊಂಡವರೆಲ್ಲ ಒಂದೇ ಕಡೆ ಗುಂಪಾಗಿ ಕಾಣಿಸಬಹುದು. ಅದರ ಮೇಲೆ ಹಿಂದಿನ ವರ್ಷ ನೆರೆ ಬಂದ ಜಾಗದ ನಕ್ಷೆಯನ್ನು ಟ್ರೇಸಿಂಗ್ ಪೇಪರಿನಂತೆ ಇಟ್ಟರೆ, ಬಾಕಿ ಯಾಕೆ ಉಳಿಯಿತು ಅಂತಲೂ ತಿಳಿಯಬಹುದು. ಹೀಗೆ ಪದರದ ಮೇಲೆ ಪದರ ಇಟ್ಟು ಪ್ರಶ್ನೆ ಕೇಳುವ ವ್ಯವಸ್ಥೆಗೆ ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್ ಎಂದು ಹೆಸರು.

ಇಲ್ಲೇ ಒಂದು ವಿಷಯ ಗಮನಿಸಿ. ಪದರ ಇಡುವುದನ್ನು ಕಂಪ್ಯೂಟರ್ ಮಾಡುತ್ತದೆ. "ಬಾಕಿಗೂ ನೆರೆಗೂ ಸಂಬಂಧ ಇರಬಹುದಾ?" ಎನ್ನುವ ಪ್ರಶ್ನೆ ಬರಬೇಕಾದರೆ ಸಾಲ ವಸೂಲಿ ಗೊತ್ತಿರಬೇಕು, ಇಲ್ಲವೇ ನೀರಿನ ವಿಷಯ ಗೊತ್ತಿರಬೇಕು. ಬರೀ ಸಾಫ್ಟ್‌ವೇರ್ ಗೊತ್ತಿದ್ದವನಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ.

ಈಗ ಸಾಲದ ಲೆಕ್ಕಕ್ಕೆ ಬರೋಣ. ವಡೋದರಾದಲ್ಲಿದ್ದಾಗ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ನಮ್ಮ ಕರಾವಳಿಯವರೊಬ್ಬರು ಬಂದಿದ್ದರು. ಮಗ ಬಿ.ಎಸ್ಸಿ. ಮುಗಿಸಿದ್ದ. ಯಾವುದೋ ಖಾಸಗಿ ಸಂಸ್ಥೆಯಲ್ಲಿ ಒಂಬತ್ತು ತಿಂಗಳ ಡಿಪ್ಲೊಮಾ, ಫೀಸು ಒಂದೂವರೆ ಲಕ್ಷ. "ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್ ಅಂತೆ ಮಾರಾಯ್ರೆ, ಫಾರಿನ್ ಪ್ರಾಜೆಕ್ಟು!" ಅಂದರು. ಆ ಕೋರ್ಸಿಗೆ ಯುಜಿಸಿಯದಾಗಲಿ ಎಐಸಿಟಿಇಯದಾಗಲಿ ಮಾನ್ಯತೆ ಇರಲಿಲ್ಲ. ಹಾಗಾಗಿ ಶಿಕ್ಷಣ ಸಾಲದ ಯೋಜನೆಯಲ್ಲಿ ಅದು ಕೂರಲಿಲ್ಲ. ನಾನು ಹೇಳಿದ್ದನ್ನು ಕೇಳಿಸಿಕೊಂಡರು, ತಲೆಯಾಡಿಸಿದರು, ಆಮೇಲೆ ಬೇರೆ ಕಡೆ ಹೆಂಡತಿಯ ಬಂಗಾರ ಇಟ್ಟು ಹಣ ಕಟ್ಟಿದರು. ಹುಡುಗನಿಗೆ ಕೆಲಸವೇನೋ ಸಿಕ್ಕಿತು. ಉಪಗ್ರಹ ಚಿತ್ರವನ್ನು ಪರದೆಯ ಮೇಲೆ ಇಟ್ಟುಕೊಂಡು ಮನೆಗಳ ಸುತ್ತ, ರಸ್ತೆಗಳ ಅಂಚಿನಲ್ಲಿ ಮೌಸಿನಿಂದ ಗೆರೆ ಎಳೆಯುವ ಕೆಲಸ. ಗುತ್ತಿಗೆ ಮೇಲೆ. ಪ್ರಾಜೆಕ್ಟು ಮುಗಿದ ಮೇಲೆ ಕೆಲಸವೂ ಮುಗಿಯಿತು.

ಮಾನ್ಯತೆ ಇರುವ ಕೋರ್ಸಿನ ಶಿಕ್ಷಣ ಸಾಲಕ್ಕೂ ಹೀಗೆ ಮಾಡುವ ಸಾಲಕ್ಕೂ ಎಷ್ಟು ವ್ಯತ್ಯಾಸ ಅಂತ ನಮ್ಮವರು ಅನೇಕರಿಗೆ ಗೊತ್ತಿಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ನಿಮ್ಮ ಕೈಯಿಂದ ಮಾರ್ಜಿನ್ ಹಾಕಬೇಕಿಲ್ಲ, 7.5 ಲಕ್ಷದವರೆಗೆ ಅಡಮಾನ ಬೇಕಿಲ್ಲ, ಕಂತು ಶುರುವಾಗುವುದು ಕೋರ್ಸು ಮುಗಿದು ಒಂದು ವರ್ಷದ ನಂತರ. ಪರ್ಸನಲ್ ಲೋನ್ ಹಾಗಲ್ಲ. ಒಂದೂವರೆ ಲಕ್ಷವನ್ನು ಶೇಕಡಾ 13ರ ಬಡ್ಡಿಗೆ ಮೂರು ವರ್ಷಕ್ಕೆ ತೆಗೆದುಕೊಂಡರೆ ಮರು ತಿಂಗಳಿನಿಂದಲೇ ಸುಮಾರು 5,050 ರೂಪಾಯಿ ಕಂತು. ಹುಡುಗ ಇನ್ನೂ ಕ್ಲಾಸಿನಲ್ಲಿ ಕೂತಿರುತ್ತಾನೆ, ಅಪ್ಪ ಕಂತು ಕಟ್ಟುತ್ತಿರುತ್ತಾನೆ. ಮುಗಿಯುವ ಹೊತ್ತಿಗೆ 1.82 ಲಕ್ಷ ಕಟ್ಟಿರುತ್ತಾನೆ. ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ಬ್ಯಾಂಕು ಕೇಳಿದರೆ ಅದನ್ನು ಕಿರಿಕಿರಿ ಎಂದು ತಿಳಿಯಬೇಡಿ. ಆ ಪ್ರಶ್ನೆಯನ್ನು ನೀವೇ ಮೊದಲು ಕೇಳಿಕೊಳ್ಳಬೇಕು.

ಇನ್ನು ಆ ಗೆರೆ ಎಳೆಯುವ ಕೆಲಸ. ಡಿಜಿಟೈಸಿಂಗ್ ಅನ್ನುತ್ತಾರೆ. ಇಷ್ಟು ವರ್ಷ ಅದೇ ಈ ಕ್ಷೇತ್ರದ ಮೊದಲ ಮೆಟ್ಟಿಲಾಗಿತ್ತು. ಎರಡು ವರ್ಷ ಗೆರೆ ಎಳೆದು, ಆಮೇಲೆ ಬೇರೆಯವರು ಎಳೆದ ಗೆರೆ ತಪಾಸಣೆ ಮಾಡಿ, ಆಮೇಲೆ ಪ್ರಾಜೆಕ್ಟು ನೋಡಿಕೊಳ್ಳುವ ಮಟ್ಟಕ್ಕೆ ಏರಿದವರು ಬಹಳ ಜನ ಇದ್ದಾರೆ. ಆ ಮೆಟ್ಟಿಲೇ ಈಗ ಸವೆಯುತ್ತಿದೆ. ಗೂಗಲ್, ಮೈಕ್ರೋಸಾಫ್ಟ್ ಕಂಪನಿಗಳು ಉಪಗ್ರಹ ಚಿತ್ರದಿಂದ ಯಂತ್ರವೇ ಗುರುತಿಸಿದ ಕಟ್ಟಡಗಳ ಗೆರೆಗಳನ್ನು ನಮ್ಮ ದೇಶವೂ ಸೇರಿದಂತೆ ಅನೇಕ ದೇಶಗಳಿಗೆ ಉಚಿತವಾಗಿ ಬಿಟ್ಟಿವೆ. ನಮ್ಮ ಬ್ಯಾಂಕಿನಲ್ಲಿ ಕಂಪ್ಯೂಟರ್ ಬಂದಾಗ ಲೆಡ್ಜರ್ ಬ್ಯಾಲೆನ್ಸ್ ಮಾಡುವ ಕೈಗಳು ಹೇಗೆ ಖಾಲಿಯಾದವೋ ಇದೂ ಹಾಗೆಯೇ. ಆಗಲೂ ಉಳಿದುಕೊಂಡವರು ಕೂಡಿಸುವುದರಲ್ಲಿ ಚುರುಕಾಗಿದ್ದವರಲ್ಲ. ಅರ್ಜಿ ನೋಡಿ "ಈ ಸಾಲ ಮುಳುಗುತ್ತದೆ" ಅಂತ ಹೇಳಬಲ್ಲವರು.

ಹಾಗಾದರೆ ಯಂತ್ರಕ್ಕೆ ತಿಳಿಯದ್ದು ಏನು? ನಮ್ಮ ಮೂರು ಊರುಗಳನ್ನೇ ತೆಗೆದುಕೊಳ್ಳಿ.

ಸೂರತ್‌ನಲ್ಲಿ 'ಖಾಡಿ' ಅಂತ ಒಂದು ಮಾತಿದೆ. ಊರಿನೊಳಗೆ ಹರಿಯುವ ತೊರೆಗಳು, ಮೀಠಿ ಖಾಡಿ ಇತ್ಯಾದಿ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಸುಮಾರು 9 ಲಕ್ಷ ಕ್ಯುಸೆಕ್ ನೀರು ಬಿಟ್ಟಾಗ ತಾಪಿ ಉಕ್ಕಿ ಊರಿನ ಬಹುಭಾಗ ಮುಳುಗಿತು. ರಾಂದೇರ್, ಅಡಾಜಣ್ ಕಡೆಯವರು ಇಂದಿಗೂ ಆ ದಿನಗಳನ್ನು ಮರೆತಿಲ್ಲ. ಅದು ನದಿಯ ನೆರೆ. ಆದರೆ ಸೂರತ್ತಿನವರನ್ನು ಕೇಳಿ ನೋಡಿ, ಅವರು 'ಖಾಡಿ ಪೂರ್' ಎನ್ನುವುದನ್ನು ಬೇರೆಯಾಗಿಯೇ ಹೇಳುತ್ತಾರೆ. ನದಿ ಸುಮ್ಮನಿದ್ದರೂ ಜೋರು ಮಳೆ ಬಂದರೆ ಖಾಡಿ ಉಕ್ಕಿ ಲಿಂಬಾಯತ್ ಕಡೆ ನೀರು ನುಗ್ಗುತ್ತದೆ. 2025ರ ಜೂನಿನಲ್ಲೂ ಹೀಗೇ ಆಯಿತು. ಎರಡೂ ನೆರೆಗೆ ಕಾರಣ ಬೇರೆ, ಪರಿಹಾರ ಬೇರೆ. ಇದು ಗೊತ್ತಿಲ್ಲದವನು ಎರಡನ್ನೂ ಒಂದೇ ನೀಲಿ ಬಣ್ಣದಲ್ಲಿ ತುಂಬಿ ಕೈತೊಳೆದುಕೊಳ್ಳುತ್ತಾನೆ.

ವಡೋದರಾದಲ್ಲಿ 'ಕಾಂಸ್' ಮತ್ತು 'ಕೋತರ್'. ಕಾಂಸ್ ಅಂದರೆ ಮಳೆನೀರು ಹರಿದುಹೋಗುವ ಕಾಲುವೆ, ನಮ್ಮ ಕಡೆ ರಾಜಕಾಲುವೆ ಅನ್ನುತ್ತೇವಲ್ಲ, ಹಾಗೆ. ಕೋತರ್ ಅಂದರೆ ನದಿಯ ದಂಡೆಯ ಕೊರಕಲು. ವಿಶ್ವಾಮಿತ್ರಿ ನದಿಗೆ ನೀರು ಹೆಚ್ಚಾದಾಗ ಹರಡಿಕೊಳ್ಳಲು ಇರುವ ಜಾಗ ಈ ಕೊರಕಲುಗಳೇ. ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಅವು ಬರೀ ಪಾಳು ನೆಲದಂತೆ ಕಾಣುತ್ತವೆ. ಪಾಳು ನೆಲ ಎಂದು ನಕ್ಷೆಯಲ್ಲಿ ಬರೆದರೆ ಯಾರಾದರೂ ಮಣ್ಣು ತುಂಬಿ ಕಟ್ಟಡ ಎಬ್ಬಿಸುತ್ತಾರೆ. 2024ರ ಆಗಸ್ಟ್ ಕೊನೆಯಲ್ಲಿ ವಡೋದರಾ ಮುಳುಗಿದಾಗ, ಮೊಸಳೆಗಳು ಬೀದಿಗೆ ಬಂದಾಗ, ಊರೆಲ್ಲ ಆಡಿಕೊಂಡದ್ದು ಈ ಕಾಂಸ್ ಮತ್ತು ಕೋತರ್‌ಗಳ ಮಾತನ್ನೇ.

ಅಹ್ಮದಾಬಾದಿನಲ್ಲಿ 'ಪೋಳ್'. ಹಳೇ ಊರಿನ ಒಂದೇ ಬಾಗಿಲಿನ ಓಣಿಗಳು. ಮೇಲಿನಿಂದ ನೋಡಿದರೆ ಸೂರು ಸೂರಿಗೆ ಅಂಟಿಕೊಂಡು ಇಡೀ ಪೋಳ್ ಒಂದೇ ಕಟ್ಟಡದಂತೆ ಕಾಣಬಹುದು. ಯಾರ ಮನೆ ಎಲ್ಲಿ ಮುಗಿಯಿತು, ಬೆಂಕಿ ಬಿದ್ದರೆ ಯಾವ ಕಡೆಯಿಂದ ಹೊರಗೆ ಬರಬಹುದು, ಇದನ್ನೆಲ್ಲ ನಡೆದು ನೋಡಿದವನೇ ಬಲ್ಲ.

ಇವೆಲ್ಲ ಬರೀ ಭಾಷೆಯ ಚಂದದ ಮಾತುಗಳಲ್ಲ. ತಪ್ಪು ಗೆರೆಯಿಂದ ಜನ ಒದ್ದಾಡುತ್ತಾರೆ. ಗುಜರಾತಿನಲ್ಲಿ ಜಮೀನಿನ ಮರುಸರ್ವೆ ಆಯಿತು. ಉಪಗ್ರಹದ ಸಹಾಯದಿಂದ ಅಳೆಯುವ ಯಂತ್ರಗಳನ್ನು ತಂದು ಅಳೆದರು. ಜಾಮ್‌ನಗರದ ಕಡೆಯ ರೈತರ ತಕರಾರುಗಳು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಬಂದವು. ಒಬ್ಬನ ಹೊಲ ಇನ್ನೊಬ್ಬನ ಸರ್ವೆ ನಂಬರಿನಲ್ಲಿ, ವಿಸ್ತೀರ್ಣದಲ್ಲಿ ಏರುಪೇರು, ಹೀಗೆ. ಯಂತ್ರ ಸೆಂಟಿಮೀಟರಿನಷ್ಟು ಕರಾರುವಾಕ್ಕಾಗಿದ್ದರೂ ಅದನ್ನು ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವನಿಗೆ ಹಳೆಯ ದಾಖಲೆಯೂ ಈಗಿನ ಸ್ವಾಧೀನವೂ ಎರಡೂ ಗೊತ್ತಿರಬೇಕು. ಜಮೀನಿನ ಕಾಗದ ಹಿಡಿದು ಸಾಲಕ್ಕೆ ಬರುವ ರೈತನ ಮುಂದೆ ಕೂತವನಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ದಾಖಲೆಯಲ್ಲಿ ಜಮೀನು ಹೊಂದದಿದ್ದರೆ ಬೆಳೆ ಸಾಲ ನಿಲ್ಲುತ್ತದೆ, ಬಿತ್ತನೆ ಯಾರಿಗೂ ಕಾಯುವುದಿಲ್ಲ.

ಅಂದ ಹಾಗೆ, ಇಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದೆ. ಅದನ್ನು ನಾವು ಯಾರೂ ಲೆಕ್ಕಕ್ಕೇ ಹಿಡಿದಿಲ್ಲ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಗುಜರಾತಿ ಓದುತ್ತಾರೆ, ಬರೆಯುತ್ತಾರೆ. ಸಾತ್-ಬಾರ್ ಉತಾರಾವನ್ನು ಓದಬಲ್ಲರು, ತಲಾಟಿಯ ಹತ್ತಿರ ಮಾತಾಡಬಲ್ಲರು. ಮನೆಯಲ್ಲಿ ಕನ್ನಡ ಕಲಿಸಿದ್ದರೆ ಪಹಣಿಯನ್ನೂ ಓದಬಲ್ಲರು. ಗೌಚರ್ ಅಂದರೆ ನಮ್ಮ ಗೋಮಾಳ, ಎರಡೂ ಕಡೆ 40 ಗುಂಟೆಗೆ ಒಂದು ಎಕರೆ, ಆದರೆ ಇಲ್ಲಿನ 'ವಿಘಾ' ಮಾತ್ರ ಊರಿಂದ ಊರಿಗೆ ಬೇರೆ, ಇದೆಲ್ಲ ತಿಳಿದಿರುವ ಹುಡುಗ ಒಬ್ಬ ಸಿಕ್ಕರೆ ಎಷ್ಟೋ ಕಚೇರಿಗಳಿಗೆ ಬೇಕು. ಕರ್ನಾಟಕದಲ್ಲಿ ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದದ್ದು 2000ದ ಆಸುಪಾಸಿನಲ್ಲಿ, ಗುಜರಾತಿನ ಇ-ಧರಾ 2004ರಲ್ಲಿ. ಈಗ ನಮ್ಮೂರಿನಲ್ಲಿ ಹೊಲದ ನಡುವೆ ನಿಂತು 'ದಿಶಾಂಕ್' ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಬೆಂಗಳೂರಿನ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ನಕ್ಷೆಗಳು ಅದರ ಹಿಂದಿವೆ. ಆದರೆ ಪೋಡಿ ಆಗದ ಜಮೀನು ಅಂದರೇನು, ಹದ್ದುಬಸ್ತು ಯಾಕೆ ಮಾಡಿಸಬೇಕು, ಖರಾಬು ಯಾವುದು, ಇವು ಆ್ಯಪಿನಲ್ಲಿ ಬರುವುದಿಲ್ಲ. ಬೇಸಿಗೆ ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಮಾಲ್‌ಗೆ ಕರೆದುಕೊಂಡು ಹೋಗುವ ಬದಲು ಒಂದು ದಿನ ಅಜ್ಜನ ಜೊತೆ ಹೊಲದ ಬದುವಿನ ಮೇಲೆ ನಡೆಸಿ ನೋಡಿ.

ಸರಿ, ಕಲಿಯುವುದು ಎಲ್ಲಿ? ಇದಕ್ಕೆ ಉತ್ತರ ಹತ್ತು ಹದಿನೈದು ವರ್ಷಗಳ ಹಿಂದಿಗಿಂತ ಈಗ ಬಹಳ ಸುಲಭ.

ಸಾಫ್ಟ್‌ವೇರ್: 'ಕ್ಯೂಜಿಐಎಸ್' ಅಂತ ಇದೆ. 2002ರಲ್ಲಿ ಶುರುವಾದದ್ದು. ಪೂರ್ತಿ ಉಚಿತ, ಕದ್ದ ಕಾಪಿ ಹಾಕಿಕೊಳ್ಳುವ ಗೋಜಿಲ್ಲ. ಮಾಮೂಲಿ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಅದರ ತರಬೇತಿ ಪುಸ್ತಕವೂ ಉಚಿತ. ದೊಡ್ಡ ಕಂಪನಿಗಳಲ್ಲಿ, ಕಾರ್ಪೊರೇಷನ್ನುಗಳಲ್ಲಿ ಎಸ್ರಿ ಕಂಪನಿಯ ಆರ್ಕ್‌ಜಿಐಎಸ್ ಹೆಚ್ಚು ಬಳಕೆಯಲ್ಲಿದೆ ನಿಜ. ಆದರೆ ಟ್ಯಾಲಿ ಗೊತ್ತಿದ್ದವನಿಗೆ ಇನ್ನೊಂದು ಅಕೌಂಟಿಂಗ್ ಪ್ಯಾಕೇಜು ಕಲಿಯಲು ಎಷ್ಟು ದಿನ ಬೇಕು? ಡೆಬಿಟ್ ಕ್ರೆಡಿಟ್ ಗೊತ್ತಿರಬೇಕು, ಅಷ್ಟೆ.

ಪಾಠ: ಡೆಹ್ರಾಡೂನಿನಲ್ಲಿ ಇಸ್ರೋದ ಭಾರತೀಯ ದೂರ ಸಂವೇದಿ ಸಂಸ್ಥೆ, ಐಐಆರ್‌ಎಸ್ ಇದೆ. 1966ರಿಂದ ಇದನ್ನೇ ಕಲಿಸುತ್ತಿರುವ ಸಂಸ್ಥೆ. 2007ರಿಂದ ದೂರದಲ್ಲಿರುವವರಿಗೂ ಪಾಠ ಹೇಳುತ್ತಿದೆ. ಅದರ ಸಣ್ಣ ಸಣ್ಣ ಆನ್‌ಲೈನ್ ಕೋರ್ಸುಗಳು ಉಚಿತ, ಹಾಜರಾತಿ ಸರಿಯಿದ್ದರೆ ಇಸ್ರೋದ ಹೆಸರಿನಲ್ಲೇ ಪ್ರಮಾಣಪತ್ರ. ಒಂದೂವರೆ ಲಕ್ಷ ಕೊಟ್ಟು ಯಾವುದೋ ಸಂಸ್ಥೆಯ ಸರ್ಟಿಫಿಕೇಟ್ ತರುವವರು ಇದನ್ನು ಯಾಕೆ ನೋಡುವುದಿಲ್ಲವೋ! ಎನ್‌ಪಿಟಿಇಎಲ್‌ನಲ್ಲಿ ರೂರ್ಕಿ ಐಐಟಿಯ ಪ್ರಾಧ್ಯಾಪಕರು ಹೇಳಿಕೊಟ್ಟ ಜಿಐಎಸ್ ಪಾಠಗಳಿವೆ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕ್ಯೂಜಿಐಎಸ್ ಅನ್ನು ಹಂತ ಹಂತವಾಗಿ ತೋರಿಸುತ್ತಾರೆ. ಎಲ್ಲಾ ಬಿಟ್ಟಿ.

ಚಿತ್ರ ಮತ್ತು ಮಾಹಿತಿ: ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. 1972ರಿಂದ ಇತ್ತೀಚಿನವರೆಗಿನ ಸಂಗ್ರಹ. ಯುರೋಪಿನ ಸೆಂಟಿನೆಲ್-2 ಉಪಗ್ರಹ 2015ರಿಂದ 10 ಮೀಟರ್ ವಿವರದ ಚಿತ್ರ ಕೊಡುತ್ತಿದೆ. ನಮ್ಮ ಇಸ್ರೋದ ಭುವನ್ 2009ರಿಂದ ಇದೆ. ಇನ್ನೊಂದು ಮುಖ್ಯ ಬದಲಾವಣೆ ಆದದ್ದು 2021ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ನಕ್ಷೆ ಮಾಡಲು ಬೇಕಿದ್ದ ಪರವಾನಗಿಗಳ ಸರಮಾಲೆಯನ್ನು ಕೇಂದ್ರ ಸರ್ಕಾರ ಭಾರತೀಯ ಸಂಸ್ಥೆಗಳಿಗೆ ತೆಗೆದುಹಾಕಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ನೀತಿಯೂ ಬಂತು. ಹಳ್ಳಿಗಳ ಮನೆಗಳಿಗೆ ಡ್ರೋನ್ ಸರ್ವೆ ಮಾಡುವ ಸ್ವಾಮಿತ್ವ ಯೋಜನೆ 2020ರಲ್ಲಿ, ಪಟ್ಟಣಗಳ ಆಸ್ತಿಗೆ 'ನಕ್ಷಾ' ಯೋಜನೆ 2025ರಲ್ಲಿ ಶುರುವಾದವು. ಕೆಲಸ ಇಲ್ಲ ಅಂತ ನಾನು ಹೇಳುತ್ತಿಲ್ಲ. ಯಾರಿಗೆ ಕೆಲಸ ಅನ್ನುವುದೇ ಪ್ರಶ್ನೆ.

ಪದವಿಯೇ ಬೇಡ ಅಂತಲೂ ಹೇಳುತ್ತಿಲ್ಲ. ಸರ್ಕಾರಿ ಹುದ್ದೆಗೆ, ಸಂಶೋಧನೆಗೆ ಎಂ.ಎಸ್ಸಿ., ಎಂ.ಟೆಕ್. ಕೇಳುತ್ತಾರೆ. ಆದರೆ ಅದು ವಿಷಯದ ಜೊತೆಗೆ ಬರಲಿ. ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನವೂ ಇದೆ, ಭೂಗೋಳವೂ ಇದೆ. ಸೂರತ್ತಿನ ಎಸ್‌ವಿಎನ್‌ಐಟಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಇದೆ, ತಾಪಿಯ ನೆರೆಯ ಬಗ್ಗೆ ಅಲ್ಲಿ ಬಹಳ ಅಧ್ಯಯನ ಆಗಿದೆ. ಅಹ್ಮದಾಬಾದಿನ ಸೆಪ್ಟ್ ನಗರ ಯೋಜನೆಗೆ ದೇಶದಲ್ಲೇ ಹೆಸರಾದದ್ದು. ಇಂಥ ಕಡೆ ನೀರು, ನೆಲ, ನಗರ ಓದುತ್ತಾ ಜಿಐಎಸ್ ಕಲಿತವನಿಗೆ ಬೆಲೆ. ಇದಕ್ಕೆ ಶಿಕ್ಷಣ ಸಾಲ ತೆಗೆದುಕೊಳ್ಳಿ, ನಾನೇ ಫಾರಂ ತುಂಬಿಸಿಕೊಡುತ್ತೇನೆ. ನನ್ನ ಹಾಗೆ ಕಾಮರ್ಸ್ ಓದಿದವರೂ ಹೆದರಬೇಕಿಲ್ಲ. ಬೆಳೆ ವಿಮೆ, ಸರಕು ಸಾಗಣೆ, ಎಲ್ಲಿ ಶಾಖೆ ತೆರೆಯಬೇಕು, ಎಲ್ಲಿ ಗೋದಾಮು ಹಾಕಬೇಕು, ಇದೆಲ್ಲಕ್ಕೂ ನಕ್ಷೆ ಬೇಕು.

ನಮ್ಮ ಕನ್ನಡದವರದೇ ಎರಡು ಉದಾಹರಣೆ ಈ ಅಹ್ಮದಾಬಾದಿನಲ್ಲೇ ಇವೆ. ಉಡುಪಿಯ ಅದಮಾರಿನ ಯು.ಆರ್. ರಾವ್ ಅವರು ಇಲ್ಲಿನ ಭೌತ ಸಂಶೋಧನಾಲಯದಲ್ಲಿ ವಿಕ್ರಂ ಸಾರಾಭಾಯಿ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದ್ದು ವಿಶ್ವಕಿರಣಗಳ ಮೇಲೆ. ಅವರು ಇಸ್ರೋ ಅಧ್ಯಕ್ಷರಾಗಿದ್ದಾಗಲೇ 1988ರಲ್ಲಿ ಪ್ರಾಯೋಗಿಕವಲ್ಲದ, ಪೂರ್ಣ ಬಳಕೆಯ ನಮ್ಮ ಮೊದಲ ದೂರ ಸಂವೇದಿ ಉಪಗ್ರಹ ಐಆರ್‌ಎಸ್-1ಎ ಮೇಲಕ್ಕೆ ಹೋಯಿತು. ಹಾಸನ ಜಿಲ್ಲೆಯ ಎ.ಎಸ್. ಕಿರಣ್ ಕುಮಾರ್ ಅವರು ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್ ಓದಿಕೊಂಡು 1975ರಲ್ಲಿ ಇಲ್ಲಿನ ಸ್ಯಾಕ್ ಸೇರಿದರು. 1979ರ ಭಾಸ್ಕರ ಉಪಗ್ರಹದ ಟಿವಿ ಕ್ಯಾಮೆರಾದಿಂದ ಶುರುಮಾಡಿ ಎಷ್ಟೋ ಕ್ಯಾಮೆರಾಗಳನ್ನು ರೂಪಿಸಿದರು, ಸ್ಯಾಕ್‌ನ ನಿರ್ದೇಶಕರಾದರು, 2015ರಲ್ಲಿ ಇಸ್ರೋ ಅಧ್ಯಕ್ಷರಾದರು. ನಮ್ಮ ಮಕ್ಕಳೆಲ್ಲ ಅವರಂತಾಗಬೇಕೆಂದು ಹೇಳುತ್ತಿಲ್ಲ. ಇಬ್ಬರೂ ಮೊದಲು ಒಂದು ವಿಷಯವನ್ನು ಆಳವಾಗಿ ಓದಿದರು, ಉಪಕರಣ ಹಿಂದಿನಿಂದ ಬಂತು. ಅಷ್ಟು ಗಮನಿಸಿದರೆ ಸಾಕು.

"ಅದೆಲ್ಲಾ ಸರಿ ಸಾರ್, ಸರ್ಟಿಫಿಕೇಟ್ ಇಲ್ಲದೆ ಯಾರು ಕೆಲಸ ಕೊಡುತ್ತಾರೆ?" ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೆ. ಮಾಡಿ ತೋರಿಸಿದ ಒಂದು ಕೆಲಸ ಇರಲಿ. ಸೂರತ್ತಿನಲ್ಲಿದ್ದರೆ ಅಡಾಜಣ್‌ನ ನಾಲ್ಕು ಬೀದಿ ತಿರುಗಿ, 2006ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಹಿರಿಯರನ್ನು ಕೇಳಿ, ಗೋಡೆಯ ಮೇಲೆ ಅವರು ತೋರಿಸಿದ ಎತ್ತರ ಅಳೆದು ನಕ್ಷೆ ಮಾಡಲಿ. ವಡೋದರಾದಲ್ಲಿದ್ದರೆ ಒಂದು ಕಾಂಸ್ ಹಿಡಿದು ಎಲ್ಲಿ ಮುಚ್ಚಿಹೋಗಿದೆ ಅಂತ ಗುರುತು ಹಾಕಲಿ. ಅಹ್ಮದಾಬಾದಿನಲ್ಲಿದ್ದರೆ ಒಂದು ಕೆರೆಯ ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಕ್ಕೂ ಈಗಿನ ಸೆಂಟಿನೆಲ್ ಚಿತ್ರಕ್ಕೂ ಹೋಲಿಸಿ ಎಷ್ಟು ಕುಗ್ಗಿದೆ ಅಂತ ಅಳೆಯಲಿ. ಮೂರು ತಿಂಗಳು ಸಾಕು. ಖರ್ಚು, ಬಸ್ ಚಾರ್ಜು ಮತ್ತು ಚಹಾ. ಮಾಡುವಾಗಲೇ ತಪ್ಪುಗಳೂ ಪಾಠ ಕಲಿಸುತ್ತವೆ. ಉದಾಹರಣೆಗೆ, ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳು ಎವರೆಸ್ಟ್ ಎಂಬ ಅಳತೆಯ ಆಧಾರದಲ್ಲಿವೆ, ನಮ್ಮ ಮೊಬೈಲಿನ ಜಿಪಿಎಸ್ ಡಬ್ಲ್ಯೂಜಿಎಸ್-84ರ ಆಧಾರದಲ್ಲಿದೆ. ಎರಡನ್ನೂ ಹಾಗೇ ಒಂದರ ಮೇಲೊಂದು ಇಟ್ಟರೆ ಮನೆ ರಸ್ತೆಯ ಆಚೆಗೆ ಹೋಗಿ ಕೂರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡು ಸರಿಪಡಿಸಿದ ಹುಡುಗಿ ಸಂದರ್ಶನದಲ್ಲಿ ಕೂತು ಮಾತಾಡುವ ರೀತಿಯೇ ಬೇರೆ ಇರುತ್ತದೆ.

ಇಷ್ಟಾದ ಮೇಲೂ ಖಾಸಗಿ ಸಂಸ್ಥೆಗೇ ಸೇರಬೇಕು ಅನ್ನಿಸಿದರೆ, ಹಣ ಕಟ್ಟುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಕೋರ್ಸಿಗೆ ಯಾರ ಮಾನ್ಯತೆ ಇದೆ, ಕಾಗದ ತೋರಿಸಿ. ಹಿಂದಿನ ವರ್ಷ ಮುಗಿಸಿದ ಮೂವರ ಜೊತೆ ಮಾತಾಡಿಸಿ, ಆದರೆ ಮೂವರನ್ನು ನಾವು ಆರಿಸುತ್ತೇವೆ. ಸಿಗುವ ಕೆಲಸ ಗೆರೆ ಎಳೆಯುವುದೋ ಬೇರೆಯೋ, ಗುತ್ತಿಗೆಯೋ ಕಾಯಮ್ಮೋ? ಎಷ್ಟು ದಿನ ಹೊರಗೆ ಕರೆದುಕೊಂಡು ಹೋಗಿ ಅಳತೆ ಮಾಡಿಸುತ್ತೀರಿ? ಇವಕ್ಕೆ ತಡವರಿಸಿದರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ.

ಪರಊರಿನಲ್ಲಿ ಇರುವ ನಾವು ಮಕ್ಕಳ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಗಾಬರಿ ಬೀಳುತ್ತೇವೆ. ಇಲ್ಲಿ ಹೊಲ ಇಲ್ಲ, ಅಂಗಡಿ ಇಲ್ಲ, ಕೈ ಹಿಡಿಯುವ ಬಂಧುಬಳಗ ಇಲ್ಲ, ಕೋರ್ಸು ಒಂದೇ ಗತಿ ಅನ್ನಿಸುತ್ತದೆ. ಆ ಗಾಬರಿಯನ್ನೇ ಬಂಡವಾಳ ಮಾಡಿಕೊಂಡವರು ಬ್ರೋಷರ್ ಹಿಡಿದು ನಿಂತಿರುತ್ತಾರೆ. ಹೆಂಡತಿಯ ಬಳೆ ಪೆಟ್ಟಿಗೆಯಲ್ಲೇ ಇರಲಿ. ಈ ಭಾನುವಾರ ಮಗಳ ಲ್ಯಾಪ್‌ಟಾಪಿನಲ್ಲಿ ಕ್ಯೂಜಿಐಎಸ್ ಇಳಿಸಿಕೊಡಿ, ಐಐಆರ್‌ಎಸ್‌ನ ಮುಂದಿನ ಉಚಿತ ಕೋರ್ಸು ಯಾವಾಗ ಅಂತ ನೋಡಿ. ಮೂರು ತಿಂಗಳು ಕಳೆದ ಮೇಲೂ ಅವಳಿಗೆ ಆಸಕ್ತಿ ಉಳಿದಿದ್ದರೆ, ಆಗ ಯಾವ ವಿಷಯದಲ್ಲಿ ಪದವಿ, ಎಲ್ಲಿ, ಎಷ್ಟು ಸಾಲ ಅಂತ ಕೂತು ಮಾತಾಡೋಣ. ಅಷ್ಟರಲ್ಲಿ ಅವಳಿಗೇ ಗೊತ್ತಾಗಿರುತ್ತದೆ, ತನಗೆ ನೀರು ಇಷ್ಟವೋ, ನೆಲ ಇಷ್ಟವೋ, ಊರು ಇಷ್ಟವೋ ಅಂತ.